ನಡುವಿನ ಚುಕ್ಕಿ ಅಲ್ಲಾಡಬಾರದು

ಯಲಹಂಕದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರ್. ಬೇರೆ ಟೀಚರುಗಳ ಪಾಠ ಬೆಲ್ ಹೊಡೆದ ತಕ್ಷಣ ಮುಗಿಯುತ್ತದೆ. ನನ್ನ ಪಾಠಕ್ಕೆ ಆ ಮರ್ಯಾದೆ ಇಲ್ಲ. ನನ್ನ ಬೆನ್ನ ಹಿಂದೆಯೇ ಬೀದಿಗೆ ಬಂದು ಏನಾದರೊಂದು ಎಡವಟ್ಟು ಮಾಡಿಯೇ ತೀರುತ್ತದೆ. ಅದರಲ್ಲೂ ಒಂದು ಪಾಠವಂತೂ ಈ ವಿಷಯದಲ್ಲಿ ಮಹಾ ತುಂಟ: ಗ್ರಾಫ್ ಹಾಳೆಯ ಮೇಲಿನ ಆಕೃತಿಯನ್ನು ಅದರ ಕೇಂದ್ರದಿಂದ ದೊಡ್ಡದು ಮಾಡುವುದು.

ಕೇಳೋಕೆ ಬಹಳ ಸುಲಭ. ಆಕೃತಿಯ ನಟ್ಟನಡುವೆ ಒಂದು ಚುಕ್ಕಿ ಇಡಿ. ಅಲ್ಲಿಂದ ಪ್ರತಿ ಮೂಲೆ ಎಷ್ಟು ದೂರ ಅಂತ ನೋಡಿ. ಆ ದೂರವನ್ನು ಎರಡರಷ್ಟೋ ಮೂರರಷ್ಟೋ ಮಾಡಿ, ಅದೇ ದಿಕ್ಕಿನಲ್ಲಿ ಹೊಸ ಮೂಲೆ ಗುರುತು ಮಾಡಿ. ಆಕೃತಿ ನಾಲ್ಕೂ ಕಡೆ ಉಬ್ಬುತ್ತದೆ, ನಡುವಿನ ಚುಕ್ಕಿ ಮಾತ್ರ ಇದ್ದಲ್ಲೇ ಇರುತ್ತದೆ. ಇಷ್ಟೇ ಪಾಠ. ಇನ್ನು ಇದರಿಂದ ಆದ ಅನಾಹುತ ಕೇಳಿ.

ಮೂರು ಪಟ್ಟು

ಬೋರ್ಡಿನ ಮೇಲೆ ಹೇಳಿದರೆ ಒಂಬತ್ತನೇ ಕ್ಲಾಸಿನವರು ಆಕಳಿಸುತ್ತಾರೆ. ಹಾಗಾಗಿ ಒಂದು ದಿನ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ನಾಲ್ಕು ಜನರನ್ನು ಚೌಕದ ನಾಲ್ಕು ಮೂಲೆಯಲ್ಲಿ, ಒಬ್ಬನನ್ನು ನಡುವೆ ನಿಲ್ಲಿಸಿದೆ.

"ನಡುವೆ ಇರೋನು ಅಲ್ಲಾಡಬಾರದು. ಮಿಕ್ಕವರು ಅವನಿಂದ ಎಷ್ಟು ದೂರ ಇದೀರೋ ಅದರ ಮೂರು ಪಟ್ಟು ದೂರ ಹೋಗಿ ನಿಲ್ಲಿ" ಅಂದೆ.

ಎರಡು ಪಟ್ಟು ಅಂದಿದ್ದರೆ ನಾನೂ ಉಳೀತಿದ್ದೆ. ಮೂರು ಪಟ್ಟಿಗೆ ನಮ್ಮ ಮೈದಾನ ಸಾಲಲಿಲ್ಲ. ಒಬ್ಬಳು ಸ್ಟಾಫ್ ರೂಮಿಗೆ ನುಗ್ಗಿ ಹಿಂದಿ ಮೇಡಂ ಊಟದ ಡಬ್ಬಿಯ ಪಕ್ಕ ನೆಟ್ಟಗೆ ನಿಂತಳು. ಇನ್ನೊಬ್ಬ ಗೇಟು ದಾಟಿ ಎಳನೀರಿನ ಗಾಡಿ ಹತ್ತಿರ ನಿಂತ. ಅದೇ ಹೊತ್ತಿಗೆ ನಮ್ಮ ಹೆಡ್ ಮಾಸ್ಟರು ಸ್ಕೂಟರಿನಲ್ಲಿ ಬಂದರು.

"ಏಯ್, ಕ್ಲಾಸ್ ಬಿಟ್ಟು ಹೊರಗೇನೋ ಮಾಡ್ತಿದೀಯ?"

"ನಾನು ಮೂಲೆ ಸಾರ್."

"ಏನು?"

"ಮೂಲೆ ಸಾರ್. ಮಿಸ್ಸು ದೊಡ್ಡದು ಮಾಡ್ತಿದಾರೆ."

ಹೆಡ್ ಮಾಸ್ಟರು ನನ್ನನ್ನು ಕರೆಸಿ ಬೈದದ್ದು ಬೇರೆ ಮಾತು. ಅದಕ್ಕೆ ನಾನು ತಯಾರಾಗಿಯೇ ಇದ್ದೆ. ಆದರೆ ಮಾರನೇ ಬೆಳಗ್ಗೆ ನಡುವೆ ನಿಂತಿದ್ದ ಹುಡುಗನ ತಾಯಿ ಕಣ್ಣೀರು ತುಂಬಿಕೊಂಡು ಬಂದರು.

"ಎಲ್ಲ ಮಕ್ಕಳನ್ನೂ ಓಡಾಡಿಸಿ ಆಟ ಆಡಿಸಿದ್ರಂತೆ. ನನ್ನ ಮಗನೊಬ್ಬನ್ನೇ ಬಿಸಿಲಲ್ಲಿ ಅಲ್ಲಾಡಬೇಡ ಅಂತ ನಿಲ್ಲಿಸಿದ್ರಂತೆ. ಅವನೇನ್ ತಪ್ಪು ಮಾಡಿದ್ದ ಮಿಸ್?"

ಸೈಟಿನ ಸೆಂಟ್ರು

ನನ್ನ ಕ್ಲಾಸಿನ ಒಬ್ಬ ಹುಡುಗಿಯ ತಂದೆ ಬಾಗಲೂರಿನ ಕಡೆಯವರು. ಹಿಂದೆ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಮನೆತನ, ಈಗ ಬಿಲ್ಡರು. ಪೇರೆಂಟ್ಸ್ ಮೀಟಿಂಗಿಗೆ ಬಂದವರು ಮಗಳ ಗ್ರಾಫ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲಿ ಚಿಕ್ಕ ಆಯತದ ಸುತ್ತ ದೊಡ್ಡ ಆಯತ.

"ಮಿಸ್ಸು, ಇದೇನಿದು? ಸೈಟ್ ಪ್ಲಾನ್ ಇದ್ದಂಗದೆ."

ನಾನು ಖುಷಿಯಿಂದ ವಿವರಿಸಿದೆ. ಅಪ್ಪಂದಿರು ಗಣಿತ ಕೇಳುವುದೇ ಅಪರೂಪ. ಅವರು ಬಾಯಿ ಬಿಟ್ಟುಕೊಂಡು ಕೇಳಿದರು.

"ಅಂಗಾರೆ ನಾಕೂ ಕಡೆ ಬೆಳೀತದೆ, ಆದ್ರೆ ಸೆಂಟ್ರು ಅಲ್ಲೇ ಇರ್ತದೆ ಅನ್ನಿ."

"ಹೌದು, ಅಷ್ಟೇ."

"ಸೆಂಟ್ರು ಅಲ್ಲಾಡ್ನಿಲ್ಲ ಅಂದ್ರೆ ಜಾಗ ಅದೇ ಆಯ್ತಲ್ಲ! ಎಲ್ಲಾ ಕಡೆಗೂ ಒಂದೊಂದಡಿ ಅಂಗೇ ಉಬ್ಸಿದ್ರೆ ಯಾರಿಗೂ ಅನ್ಯಾಯ ಇಲ್ಲ. ಎಲ್ರಿಗೂ ಸಮ."

ಅವರ ಕಣ್ಣು ಹೊಳೆಯಿತು. ಅಷ್ಟರಲ್ಲಿ ಮಗಳು ಬಾಯಿ ಹಾಕಿದಳು. "ಅಪ್ಪಾ, ಪಕ್ಕದ ಸೈಟಿನೋರೂ ಅವರ ಸೆಂಟರಿಂದ ಉಬ್ಬಿಸ್ಕೊಂಡ್ರೆ?"

ಅವರು ಮಗಳ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ ಹೇಳಿದರು:

"ಮಿಸ್ಸು, ಅವರ ಮಕ್ಕಳೂ ಇದೇ ಸ್ಕೂಲಾಗವ್ರೆ. ಅವಕ್ಕೆ ಮಾತ್ರ ಈ ಪಾಠ ಏಳ್ಕೊಡಬ್ಯಾಡಿ."

ತಾವರೆ ಹೋದ ಮನೆ

ಪುಟ್ಟೇನಹಳ್ಳಿಯಲ್ಲಿ ನಮ್ಮ ಬೀದಿಯವರು ಸಂಕ್ರಾಂತಿಗೆ ರಂಗೋಲಿ ಸ್ಪರ್ಧೆ ಇಡುತ್ತಾರೆ. ಪಕ್ಕದ ಮನೆ ಆಂಟಿಗೆ ಆ ಸಲ ಗೆಲ್ಲಲೇಬೇಕು ಅಂತ ಹಟ. ಚೌಕುಳಿ ಹಾಳೆಯ ಮೇಲೆ ಸೊಗಸಾದ ತಾವರೆ ಬರೆದುಕೊಂಡು ಬಂದರು.

"ಇದನ್ನ ಗೇಟಿನ ಮುಂದೆ ಒಂದು ಸಲ ಚಿಕ್ಕದಾಗಿ ಹಾಕಿ ನೋಡಿದೀನಿ ಕಣೇ. ಮೂರರಷ್ಟು ದೊಡ್ಡದು ಮಾಡ್ಬೇಕು. ಸೊಟ್ಟ ಆಗಬಾರದು."

"ಸುಲಭ ಆಂಟಿ. ಒಂದು ಬಿಂದು ಇಟ್ಕೊಳ್ಳಿ, ಅಲ್ಲಿಂದ ಪ್ರತಿ ಚುಕ್ಕಿಯ ದೂರ ಅಳೆದು ಮೂರರಷ್ಟು ಮಾಡಿ" ಅಂದೆ. ಆ ಬಿಂದು ಹೂವಿನ ನಡುವೆಯೇ ಇರಬೇಕು ಅನ್ನೋದನ್ನ ಬೇರೆ ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ.

ಆಂಟಿ ಬೆಳಗಿನ ಜಾವ ಎದ್ದು, ತಮ್ಮ ಗೇಟಿನ ಕಂಬವನ್ನೇ ಬಿಂದು ಮಾಡಿಕೊಂಡರು. ಕಂಬದಿಂದ ಎಲ್ಲದರ ದೂರವೂ ಮೂರರಷ್ಟಾಯಿತು. ತಾವರೆಯೂ ಮೂರರಷ್ಟಾಯಿತು. ಒಂದೆಸಳು ಸೊಟ್ಟ ಇಲ್ಲ. ಆದರೆ ಹೂವಿನ ನಡುವೂ ಕಂಬದಿಂದ ಮೂರರಷ್ಟು ದೂರ ಹೋಗಿತ್ತು. ತಲೆ ಬಗ್ಗಿಸಿಕೊಂಡು ಬಣ್ಣ ತುಂಬಿದ ಆಂಟಿ ಕೊನೆಗೆ ಸೊಂಟ ನೆಟ್ಟಗೆ ಮಾಡಿ ನೋಡಿದರೆ, ನಿಂತಿದ್ದುದು ಎದುರು ಮನೆ ಬಾಗಿಲಲ್ಲಿ.

ಅಳಿಸೋಣ ಅನ್ನುವಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ಆಂಟಿ ನಾಚಿಕೆಯಿಂದ ತಮ್ಮ ಗೇಟಿನೊಳಗೆ ಓಡಿದರು. ಎದುರು ಮನೆ ಅಂಕಲ್ ರಿಟೈರ್ಡು, ಒಂಟಿ ಮನುಷ್ಯ. ಪಂಚೆ ಎತ್ತಿ ಕಟ್ಟಿಕೊಂಡು ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದರು. ಚಪ್ಪಾಳೆ ಬಿತ್ತು. ಮೊದಲ ಬಹುಮಾನದ ಕುಕ್ಕರ್ ಅವರ ಕೈಗೆ ಬಂತು.

"ಸಾರ್, ನಿಮ್ಮಲ್ಲಿ ಇಂಥ ಕಲೆ ಇದೆ ಅಂತ ಗೊತ್ತೇ ಇರ್ಲಿಲ್ಲ!"

"ನಂಗೂ ಗೊತ್ತಿರ್ಲಿಲ್ಲ" ಅಂದರು ಅಂಕಲ್, ಪ್ರಾಮಾಣಿಕವಾಗಿ. ಎಲ್ಲರೂ ಅದನ್ನು ವಿನಯ ಅಂದುಕೊಂಡರು.

ಆಂಟಿ ನನ್ನನ್ನು ಜಗ್ಗಿ ಕೇಳಿದರು, "ನಿನ್ನ ಲೆಕ್ಕದಲ್ಲಿ ಏನೇ ತಪ್ಪಾಯ್ತು?"

"ಹೂವು ಸರಿಯಾಗೇ ಇದೆ ಆಂಟಿ. ವಿಳಾಸ ಮಾತ್ರ ಬೇರೆ."

ಮುಂದಿನ ವಾರ ರಂಗೋಲಿ ಕಲಿಸಿಕೊಡಿ ಅಂತ ಹಿಂದಿನ ಬೀದಿಯ ಇಬ್ಬರು ಹೆಂಗಸರು ಅಂಕಲ್ ಮನೆಗೆ ಹೋಗಿದ್ದರಂತೆ. ಅಂಕಲ್ ಒಪ್ಪಿಕೊಂಡರಂತೆ.

ಹೆಡ್ ಮಾಸ್ಟರ ಮುಖ

ನಮ್ಮ ಹೆಡ್ ಮಾಸ್ಟರು ನಗುವುದನ್ನು ಸ್ಕೂಲಿನಲ್ಲಿ ಯಾರೂ ನೋಡಿರಲಿಲ್ಲ. ಪೊದೆ ಮೀಸೆ, ಅದರ ಮೇಲೆ ಸುಡುವ ಕಣ್ಣು. ಅವರು ರಿಟೈರ್ ಆಗುವಾಗ ಬೀಳ್ಕೊಡುಗೆಗೆ ಅವರದೊಂದು ದೊಡ್ಡ ಚಿತ್ರ ಬೇಕು ಅಂತಾಯಿತು. ಡ್ರಾಯಿಂಗ್ ಮೇಷ್ಟ್ರು ರಜೆ. ಯಾವ ಗ್ರಹಚಾರವೋ, "ನನ್ನ ಒಂಬತ್ತನೇ ಕ್ಲಾಸು ಮಾಡುತ್ತೆ" ಅಂದುಬಿಟ್ಟೆ.

ದೊಡ್ಡ ಬಿಳಿ ಬೋರ್ಡಿಗೆ ಚೌಕುಳಿ ಗೆರೆ ಎಳೆದು, ನಡುವೆ ಪೆನ್ಸಿಲಿನಲ್ಲಿ ಅವರ ಮುಖ ಚಿಕ್ಕದಾಗಿ ಬರೆದೆ. ಚೆನ್ನಾಗಿಯೇ ಬಂದಿತ್ತು. ಆಮೇಲೆ ಕೆಲಸ ಹಂಚಿದೆ: ಒಂದು ಗುಂಪಿಗೆ ಮುಖದ ಅಂಚು, ಒಂದಕ್ಕೆ ಕಣ್ಣು, ಒಂದಕ್ಕೆ ಮೂಗು, ಒಂದಕ್ಕೆ ಮೀಸೆ, ಒಂದಕ್ಕೆ ಕಿವಿ.

"ಎಲ್ಲರೂ ಸೆಂಟರಿಂದ ಎರಡರಷ್ಟು ಮಾಡಿ, ಬಣ್ಣ ತುಂಬಿ, ಪೆನ್ಸಿಲ್ ಗೆರೆ ಅಳಿಸಿ" ಅಂತ ಹೇಳಿ, ಹಾರ ಮತ್ತು ಮೈಸೂರು ಪೇಟ ತರಲು ಹೋದೆ. ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡೆ. ವಾಪಸ್ ಬರುವಷ್ಟರಲ್ಲಿ ಬೋರ್ಡು ವೇದಿಕೆ ಮೇಲಿತ್ತು, ಅದರ ಮೇಲೆ ಪರದೆ ಬಿದ್ದಿತ್ತು, ಪ್ರಾರ್ಥನೆ ಶುರುವಾಗಿತ್ತು.

ಹೆಡ್ ಮಾಸ್ಟರ ಹೆಂಡತಿ ಪರದೆ ಎಳೆದರು.

ಸೆಂಟರ್ ಅಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಇಡೀ ಮುಖದ ಸೆಂಟರ್, ಅಂದರೆ ಮೂಗಿನ ತುದಿ. ಮಕ್ಕಳು ತಮಗೆ ಕೊಟ್ಟ ಭಾಗದ ಸೆಂಟರ್ ಅಂದುಕೊಂಡಿದ್ದರು. ಮುಖದ ಅಂಚು ಹಂಡೆಯಷ್ಟು ಅಗಲವಾಗಿತ್ತು. ಮಿಕ್ಕದ್ದೆಲ್ಲ ಎರಡರಷ್ಟು ದಪ್ಪವಾಗಿತ್ತು, ಆದರೆ ಒಂದೂ ಜಾಗ ಬಿಟ್ಟು ಕದಲಿರಲಿಲ್ಲ. ಎರಡು ಕಣ್ಣೂ ಒಂದಕ್ಕೊಂದು ಢಿಕ್ಕಿ ಹೊಡೆದಿದ್ದವು. ಮೂಗು ಅವುಗಳ ನಡುವೆ ನುಗ್ಗಿತ್ತು. ಮೀಸೆ ಮೂಗಿನ ಅರ್ಧ ತಿಂದು, ಬಾಯನ್ನು ಪೂರ್ತಿ ನುಂಗಿತ್ತು. ಕಿವಿಗಳು ಕೆನ್ನೆಯ ನಡುವೆ ಹಪ್ಪಳ ಅಂಟಿಸಿದ ಹಾಗಿದ್ದವು.

ನಾನು ಹಾರದ ಹಿಂದೆ ಮುಖ ಮುಚ್ಚಿಕೊಂಡೆ. ಹೆಡ್ ಮಾಸ್ಟರು ಎದ್ದು ಬೋರ್ಡಿನ ಹತ್ತಿರ ಹೋದರು.

"ಕಿವಿ ಯಾರು ಮಾಡಿದ್ದು?"

ಒಬ್ಬಳು ಎದ್ದಳು. "ನಾನು ಸಾರ್. ಕಿವಿ ಸೆಂಟರಿಂದ ಎರಡರಷ್ಟು."

"ಮೀಸೆ?"

"ಮೀಸೆ ಸೆಂಟರಿಂದ ಸಾರ್."

"ಲೆಕ್ಕ ಎಲ್ಲರದೂ ಸರಿ ಇದೆ" ಅಂದರು ಹೆಡ್ ಮಾಸ್ಟರು. "ಮುಖ ಒಂದೇ ತಪ್ಪಿರೋದು."

ಆಗ ಅವರ ಹೆಂಡತಿ ತಡೆಯಲಾರದೆ ಮೈಕಿನ ಮುಂದೆಯೇ ನಕ್ಕುಬಿಟ್ಟರು. "ಏನೂ ತಪ್ಪಿಲ್ಲ ಕಣ್ರೀ! ಬೆಳಗ್ಗೆ ಕಾಫಿ ಲೇಟಾದ್ರೆ ಥೇಟ್ ಹೀಗೇ ಇರ್ತೀರಿ!"

ಮೊದಲು ಮೀಸೆ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಹೆಡ್ ಮಾಸ್ಟರು ಕುರ್ಚಿ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಕ್ಷಮೆ ಕೇಳಲು ಹೋದ ನನಗೂ ನಗುವೇ ಬಂತು.

ಚಿತ್ರ ಮನೆಗೆ ಬೇಕೇ ಬೇಕು ಅಂದರು. ಆರ್.ಟಿ. ನಗರಕ್ಕೆ ಒಯ್ಯಲು ಗೂಡ್ಸ್ ಆಟೋ ಕರೆಸಿದೆವು. ಡ್ರೈವರ್ ಬೋರ್ಡನ್ನು ಹಗ್ಗದಿಂದ ಕಟ್ಟುತ್ತಾ ಚಿತ್ರ ನೋಡಿದ, ಹೆಡ್ ಮಾಸ್ಟರನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಕೈ ಮುಗಿದು, ಬಹಳ ಗೌರವದಿಂದ ಕೇಳಿದ:

"ನಿಮ್ಮ ತಂದೆಯವರಾ ಸಾರ್? ನೀವು ಪಕ್ಕಾ ಅವರಂಗೇ ಇದೀರ!"