ಗಿರಿಜಾಳ ಉಡಿ ತುಂಬಿದ ನಟ್ಟು-ಬೋಲ್ಟು

ಬಿಗಿ ಮಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಬದಾಮಿ ತಾಲ್ಲೂಕಿನಲ್ಲಿ ಯಾರೂ ಇಲ್ಲವೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಾನು ತಿರುಗಿಸಿ ನಿಲ್ಲಿಸಿದ ನಳ ಒಂದು ಹನಿಯೂ ಸೋರುತ್ತಿರಲಿಲ್ಲ. ಮುಂದೆ ಅದರಿಂದ ನೀರೂ ಬರುತ್ತಿರಲಿಲ್ಲ, ಆ ಮಾತು ಬೇರೆ! ನಾನು ಮುಚ್ಚಿದ ಉಪ್ಪಿನಕಾಯಿ ಬಾಟಲಿಯನ್ನು ತೆರೆಯಲು ನನ್ನ ಹೆಂಡತಿ ಗಿರಿಜಾ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಅವರ ಕೈಲೂ ಆಗದಿದ್ದರೆ ಅವರ ಪಕ್ಕದ ಮನೆಯವರನ್ನು.

“ನೆಲದಾಗ ಜ್ವಾಳ ಇಡೂ ಹಗೇವು ಮುಚ್ಚಿದಂಗ ಮುಚ್ಚತೀರಲ್ರಿ,” ಎನ್ನುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಿವೃತ್ತರಾದ ದನದ ಡಾಕ್ಟರರೊಬ್ಬರಿಂದ ಒಂದು ಹಳೆಯ ಮೋಟರ್ ಸೈಕಲ್ ಕೊಂಡಿದ್ದೆ. ಊರಿನವರ ಬಾಯಲ್ಲಿ ಅದು ಫಟಫಟಿ. ಅದರಲ್ಲಿದ್ದ ದೋಷ ಒಂದೇ. ಎಂಜಿನ್ನಿನ ಹೊಟ್ಟೆಯ ಕೆಳಗೆ, ಎಣ್ಣೆ ಬಸಿಯುವ ಬೋಲ್ಟಿನ ಹತ್ತಿರ, ದಿನಕ್ಕೊಂದು ಹನಿ ಸೋರುತ್ತಿತ್ತು. ಆ ಹನಿ ಸರಿಯಾಗಿ ಗಿರಿಜಾಳ ರಂಗೋಲಿಯ ನಡುವೆ ಬೀಳುತ್ತಿತ್ತು.

ಅದೇ ಸಮಯಕ್ಕೆ ಇಳಕಲ್‌ನಿಂದ ಕಾಗದ ಬಂತು. ಗಿರಿಜಾಳ ಅಣ್ಣ ಮಹಾಂತೇಶನಿಗೆ ಗಂಡುಮಗು. ಮುಂದಿನ ಗುರುವಾರ ತೊಟ್ಟಿಲಿಗೆ ಹಾಕಿ ಹೆಸರಿಡುವುದು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಮಹಾಂತೇಶನಿಗೆ ಇದ್ದ ತಂಗಿ ಗಿರಿಜಾ ಒಬ್ಬಳೇ. ಮುಹೂರ್ತ ಹನ್ನೊಂದೂವರೆಗೆ. ಅವಳು ಹೋಗದಿದ್ದರೆ ಕೂಸಿಗೆ ಹೆಸರಿಲ್ಲ!

“ಮುಂಜಾನೆ ಎಂಟರ ಬಸ್ಸಿಗೆ ಹೋಗೂಣ್ರಿ,” ಎಂದಳು.

“ಬಸ್ಸಿನ್ಯಾಗ ಹೋಗೂದಾದ್ರ ಫಟಫಟಿ ಯಾಕ ತಗೊಂಡೇನಿ? ನಿನ್ನ ತವರಮನಿ ಮುಂದ ಫಟಫಟಿ ಮ್ಯಾಲೆ ಇಳಸ್ತೇನಿ, ನೋಡು!”

ಅವಳ ಮುಖ ಅರಳಿತು. ಸುಳ್ಳೇಕೆ, ನನಗೂ ಎದೆಯುಬ್ಬಿತು.

ಹೀಗಾಗಿ ಸೋರಿಕೆಯನ್ನು ನಿಲ್ಲಿಸುವುದು ಅನಿವಾರ್ಯವಾಯಿತು. ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಿಕೆಯಲ್ಲಿ ಯಾವ ಬೋಲ್ಟಿಗೆ ಎಷ್ಟು ಬಲ ಹಾಕಬೇಕೆಂದು ಕೋಷ್ಟಕವಿತ್ತು. ಎಣ್ಣೆ ಬೋಲ್ಟಿಗೆ ಎರಡೂವರೆ ಕಿಲೋ! ನನಗೆ ನಗು ಬಂತು. ನಾನು ಸಂತೆಯಿಂದ ತರುವ ಬದನೇಕಾಯಿಯೇ ಅದಕ್ಕಿಂತ ಹೆಚ್ಚು ತೂಗುತ್ತಿತ್ತು. ಪುಸ್ತಿಕೆ ಬರೆದವರು ಡಾಂಬರು ರಸ್ತೆಯ ಊರಿನವರು, ನಮ್ಮ ರಸ್ತೆಗಳ ಪರಿಚಯ ಅವರಿಗಿಲ್ಲ ಎಂದು ತೀರ್ಮಾನಿಸಿ, ನಟ್ಟು ತಿರುಗಿಸುವ ಪಾನಾದ ಹಿಡಿಕೆಗೆ ಮಾರುದ್ದದ ನೀರಿನ ಪೈಪು ಸಿಕ್ಕಿಸಿದೆ. ಗೋಡೆಗೆ ಕಾಲು ಕೊಟ್ಟೆ. ಎಳೆದೆ.

ಬೋಲ್ಟು ಮೊದಲು ಮುಲುಗಿತು. ಆಮೇಲೆ ಇದ್ದಕ್ಕಿದ್ದಂತೆ ಮೆತ್ತಗಾಗಿ, ಬೆಣ್ಣೆಯಲ್ಲಿ ಚಮಚ ತಿರುಗಿದಂತೆ ತಿರುಗತೊಡಗಿತು.

“ಕುಂತಿತು!” ಎಂದು ಕೂಗಿದೆ.

ಕುಂತಿದ್ದು ಬೋಲ್ಟಲ್ಲ, ನನ್ನ ಗ್ರಹಚಾರ. ದಿನಕ್ಕೊಂದು ಹನಿ ಸೋರುತ್ತಿದ್ದುದು ನಿಮಿಷಕ್ಕೆ ಹತ್ತು ಹನಿಯಾಯಿತು. ರಂಗೋಲಿಯೇ ಕಾಣದಾಯಿತು!

ಬಸ್‌ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ದಸ್ತಗೀರಸಾಬ ಬಂದು ಬೋಲ್ಟು ಬಿಚ್ಚಿದ. ಅದರ ಸುತ್ತ ಬೆಳ್ಳಿಯಂಥ ಸುರುಳಿಯೊಂದು ಅಂಟಿಕೊಂಡು ಬಂತು.

“ಮಾಸ್ತರ, ಇದೇನ್ ಗೊತ್ತೈತೇನ್ರಿ? ನಿಮ್ಮ ಎಂಜಿನ್ನಿನ ಥ್ರೆಡ್, ಬೋಲ್ಟು ಹಿಡಕೊಳ್ಳೂ ಗೀರು. ಎಂಜಿನ್ ಅಲ್ಯುಮಿನಿಯಂದು, ಬೋಲ್ಟು ಉಕ್ಕಿಂದು. ಹಿಂಗ ಜಗ್ಗಿದ್ರ ಕಿತ್ತಕೊಂಡು ಬರ್ತದ.”

“ಮತ್ತ ಎಷ್ಟು ಬಿಗೀಬೇಕು?”

ಅವನು ತಲೆ ಕೆರೆದುಕೊಂಡ. “ಹ್ಯಾಂಗ ಹೇಳ್ಲಿ? ರೊಟ್ಟಿ ಬಡದಂಗ್ರಿ. ಜೋರು ಬಡದ್ರ ಹರೀತದ, ಸಣ್ಣಗ ಬಡದ್ರ ದಪ್ಪ ಉಳೀತದ. ಕೈಗೆ ತಾನ ತಿಳೀತದ.”

ತೂತಿಗೆ ಹೊಸ ಥ್ರೆಡ್ ಕೊರೆದು ಒಂದು ಸೈಜು ದಪ್ಪನೆಯ ಬೋಲ್ಟು ಕೂರಿಸಿ, “ಇನ್ನ ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ,” ಎಂದು ಕೈಮುಗಿದು ಹೋದ.

ಕೈ ಹಚ್ಚಬೇಡಿ ಎಂದರೆ ಮಾಸ್ತರರ ಕೈ ಸುಮ್ಮನಿರುತ್ತದೆಯೇ? ಗಾಡಿ ಕೊಂಡ ದಿನವೇ ಉಳಿದ ನಟ್ಟುಗಳನ್ನೆಲ್ಲ ನಾನು ನನ್ನ ಪದ್ಧತಿಯಲ್ಲಿ ಬಿಗಿದಿದ್ದೆ. ಅವುಗಳ ಥ್ರೆಡ್ಡೂ ಹೋದರೆ? ಬುಧವಾರ ಕೂತು ಒಂದೊಂದೇ ಬಿಚ್ಚಿದೆ. ಅಲ್ಲೊಂದು ಭಯಂಕರ ಸತ್ಯ ಹೊರಬಿತ್ತು. ಪ್ರತಿ ನಟ್ಟಿನ ಕೆಳಗೂ ಒಂದು ಉಕ್ಕಿನ ಉಂಗುರ. ಪ್ರತಿ ಉಂಗುರವೂ ಒಂದು ಕಡೆ ತುಂಡಾಗಿತ್ತು!

“ಗಿರಿಜಾ, ನೋಡಿಲ್ಲಿ! ಹದಿನಾಲ್ಕೂ ಮುರದಾವ. ಆ ಡಾಕ್ಟರು ನಮಗ ಮುರುಕು ಸಾಮಾನು ಮಾರ್ಯಾರ!”

“ಹದಿನಾಲ್ಕೂ ಒಂದ ನಮೂನಿ ಮುರದಾವೇನ್ರಿ?” ಎಂದಳು ಅವಳು ರೊಟ್ಟಿ ಬಡಿಯುತ್ತಲೇ.

ಆ ಪ್ರಶ್ನೆಯ ತೂಕ ನನಗೆ ಆಗ ತಿಳಿಯಲಿಲ್ಲ. ಉಂಗುರಗಳನ್ನು ತಿಪ್ಪೆಗೆಸೆದೆ. ನಟ್ಟುಗಳನ್ನು ಈ ಸಲ ಎರಡೇ ಬೆರಳಲ್ಲಿ, ಕೂಸಿನ ಕೆನ್ನೆ ಹಿಂಡುವಷ್ಟು ಮೃದುವಾಗಿ ತಿರುಗಿಸಿದೆ. ಜನ್ಮದಲ್ಲಿ ಒಂದು ರೊಟ್ಟಿ ಬಡಿಯದವನಿಗೆ ರೊಟ್ಟಿಯ ಹದ ಎಲ್ಲಿಂದ ಬರಬೇಕು?

ಗುರುವಾರ ನಸುಕಿನಲ್ಲೇ ಹೊರಟೆವು. ಗಿರಿಜಾ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ತೊಡೆಯ ಮೇಲೆ ಕೂಸಿನ ಅಂಗಿ, ಕುಲಾವಿಯ ಗಂಟು. ಪಟ್ಟದಕಲ್ಲು ದಾಟುವವರೆಗೆ ನಾನು ಭೂಮಿಯ ಮೇಲೆ ಇರಲಿಲ್ಲ. ಆಮೇಲೆ ಠಣ್ ಎಂದಿತು.

“ರೀ, ಏನೋ ಬಿತ್ತು.”

“ಕಲ್ಲು ಸಿಡೀತು.”

“ಕಲ್ಲಿಗೆ ಆರು ಮೂಲಿ ಇರ್ತಾವೇನ್ರಿ? ನಿಲ್ಲಸ್ರಿ!”

ಇಳಿದು ಹೋಗಿ ನಟ್ಟು ಹೆಕ್ಕಿಕೊಂಡು ಬಂದಳು. ಇಡಲು ಬೇರೆ ಜಾಗವಿಲ್ಲದೆ ಸೆರಗಿನ ಉಡಿಯಲ್ಲಿ ಕಟ್ಟಿಕೊಂಡಳು. ಐಹೊಳೆಯ ಹತ್ತಿರ ಚೈನಿನ ಕವರು ಬಿತ್ತು. ಅದರ ಮೂರು ಬೋಲ್ಟು ಉಡಿಗೆ. ಮುಂದೆ ಅವಳು ಕಾಲಿಟ್ಟುಕೊಂಡಿದ್ದ ಕಬ್ಬಿಣವೇ ಕಳಚಿತು. ಅದರವೂ ಉಡಿಗೆ. ಅಮೀನಗಡ ಬರುವ ಹೊತ್ತಿಗೆ ಸೈಲೆನ್ಸರ್ ಜೋತುಬಿದ್ದು, ನಮ್ಮ ಫಟಫಟಿ ಗರ್ನಾಲು ಹಾರಿಸುತ್ತ ಊರು ಹೊಕ್ಕಿತು. ಚಹಾ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ನಾನು ಮೆರವಣಿಗೆಯಲ್ಲಿ ಹೋಗುವವನಂತೆ ನೆಟ್ಟಗೆ ಕೂತಿದ್ದೆ. ಬೇರೇನು ಮಾಡಲಿ?

ಹುನಗುಂದ ಇನ್ನೂ ದೂರವಿರುವಾಗ ಎಂಜಿನ್ನನ್ನು ಹಿಡಿದಿದ್ದ ಬೋಲ್ಟುಗಳೇ ಸಡಿಲಾಗಿ, ಗಾಡಿ ಗಡಗಡ ನಡುಗಿ ನಿಂತುಬಿಟ್ಟಿತು. ಗಡಿಯಾರ ನೋಡಿದೆ. ಹತ್ತೂ ಕಾಲು.

ಗಿರಿಜಾಳ ಕಣ್ಣಲ್ಲಿ ನೀರು ತುಂಬಿತ್ತು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಧೂಳೆಬ್ಬಿಸುತ್ತ ಬಸ್ಸು ಬಂತು. ನಾನು ಬೇಡವೆಂದಿದ್ದ ಅದೇ ಬಸ್ಸು! ಗಿರಿಜಾ ರಸ್ತೆಯ ನಡುವೆ ಕೈಯೆತ್ತಿ ನಿಂತಳು.

“ಎಲ್ಲಿಗ್ರೀ ಅಕ್ಕಾರ?” ಎಂದ ಕಂಡಕ್ಟರ್.

“ಇಳಕಲ್. ಲಗೂನ ಬಿಡ್ರಿ.”

“ಮಾಸ್ತರು ಬರೂದಿಲ್ಲೇನ್ರಿ?”

“ಅವರು ಫಟಫಟಿ ಮ್ಯಾಲೆ ಬರ್ತಾರ,” ಎಂದವಳೇ ಹತ್ತಿದಳು. ರೈಟ್ ಎಂದಿತು ಗಂಟೆ.

ಸರಿ, ಅವಳಾದರೂ ಹೊತ್ತಿಗೆ ಮುಟ್ಟುತ್ತಾಳೆ ಎಂದು ಸಮಾಧಾನವಾಯಿತು. ತೋಳು ಮಡಚಿದೆ. ಪಾನಾ ತೆಗೆದೆ. ಎಲ್ಲವನ್ನೂ ಮತ್ತೆ ಜೋಡಿಸಿ ಬಸ್ಸನ್ನೇ ಹಿಂದೆ ಹಾಕುವುದೆಂದು ಬೋಲ್ಟಿಗೆ ಕೈ ಚಾಚಿದೆ. ಬೋಲ್ಟುಗಳೆಲ್ಲ ಇಳಕಲ್ಲಿಗೆ ಹೊರಟುಹೋಗಿದ್ದವು. ಉಡಿಯಲ್ಲಿ!

ಎರಡು ತಾಸು ಬೇಲಿಯ ನೆರಳಲ್ಲಿ ಕೂತೆ. ಕೊನೆಗೆ ಕುರಿ ತುಂಬಿದ ಟ್ರೇಲರಿನ ಒಂದು ಟ್ರ್ಯಾಕ್ಟರ್ ನಿಂತಿತು. ಅದರ ಡ್ರೈವರ್ ನನ್ನ ಗಾಡಿಯನ್ನು ಬಗ್ಗಿ ನೋಡಿದ.

“ಸ್ಪ್ರಿಂಗ್ ವಾಷರ್ ಎಲ್ಲಿ ಹೋದ್ವುರಿ?”

“ಅವೆಲ್ಲಾ ಮುರದಿದ್ವು. ಒಗದೆ.”

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಅವು ಹುಟ್ಟೂದ ಹಂಗ್ರಿ ಸಾಹೇಬ್ರ. ಸೀಳಿದ್ದಕ್ಕ ಅವು ಹಲ್ಲ ಕಚ್ಚಿ ನಟ್ಟ ಹಿಡಕೊಂಡಿರ್ತಾವ. ಏನ್ ಕೆಲಸಾ ಮಾಡ್ತೀರಿ?”

ಗಣಿತ ಕಲಿಸುತ್ತೇನೆಂದು ಹೇಳಲು ನಾಚಿಕೆಯಾಗಿ, ಸಣ್ಣ ನೌಕರಿ ಎಂದೆ. ಅವನು ನನ್ನನ್ನೂ ಫಟಫಟಿಯನ್ನೂ ಕುರಿಗಳ ನಡುವೆ ಹತ್ತಿಸಿಕೊಂಡ.

ತವರುಮನೆಯ ಮುಂದೆ ಹೆಂಡತಿಯನ್ನು ಫಟಫಟಿಯಿಂದ ಇಳಿಸುತ್ತೇನೆಂದು ಹೊರಟಿದ್ದ ನಾನು, ಮೂರು ಗಂಟೆಗೆ ಹತ್ತು ಕುರಿಗಳ ನಡುವಿನಿಂದ ಒಬ್ಬನೇ ಇಳಿದೆ. ಊಟ ಮುಗಿಸಿದ ನೆಂಟರೆಲ್ಲ ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕುತ್ತ ಕೂತಿದ್ದರು. ಒಬ್ಬರೂ ನಗಲಿಲ್ಲ. ಅದಾಗಲೇ ನಕ್ಕು ಮುಗಿದಿತ್ತೆಂದು ಒಳಗೆ ಹೋದ ಮೇಲೆ ತಿಳಿಯಿತು.

ಗಿರಿಜಾ ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದ್ದಳಂತೆ. ಹೆಸರಿಡುವ ಮುಂಚೆ ಸೋದರತ್ತೆಗೆ ಉಡಿ ತುಂಬಬೇಕಲ್ಲ, ಐದು ಮಂದಿ ಮುತ್ತೈದೆಯರು ಅಕ್ಕಿ, ಕೊಬ್ಬರಿಬಟ್ಟಲು ಹಿಡಿದು ಬಂದಿದ್ದಾರೆ. ಇವಳು ಅವಸರದಲ್ಲಿ ಮರೆತು ಉಡಿ ಬಿಚ್ಚಿದ್ದಾಳೆ. ಎಣ್ಣೆ ಮೆತ್ತಿದ ನಟ್ಟು-ಬೋಲ್ಟುಗಳು ಹಿತ್ತಾಳೆಯ ಪರಾತದಲ್ಲಿ ಠಣಠಣ ಎಂದು ಉದುರಿ, ಮಲಗಿದ್ದ ಕೂಸು ಎದ್ದು ಚೀರಿದೆ! ಒಬ್ಬ ಅಜ್ಜಿ ಕನ್ನಡಕ ಏರಿಸಿ ಕೇಳಿದಳಂತೆ: “ಯವ್ವಾ ಗಿರಿಜಾ, ಬದಾಮಿ ಕಡೆ ಇವನ್ನ ತುಂಬ್ತಾರೇನು?”

“ಹೆಸರಿಡೂವಾಗ ಸೋದರತ್ತಿ ಬೆನ್ನಿಗೆ ಗುದ್ದೋದು ಪದ್ಧತಿ,” ಎಂದರು ಅತ್ತೆ, ನನಗೆ ಬಡಿಸುತ್ತ. “ಈ ಸಲ ಆ ಗುದ್ದು ಅಳಿಯಂದ್ರಿಗೆ ಸಲ್ಲಬೇಕಾಗಿತ್ತು.”

ಮಹಾಂತೇಶ ಒಂದು ತಟ್ಟೆಯಲ್ಲಿ ನನ್ನ ಬೋಲ್ಟುಗಳನ್ನು ತಂದಿಟ್ಟ. ಯಾರೋ ಭಕ್ತಿಯಿಂದ ಅರಿಷಿಣ-ಕುಂಕುಮ ಹಚ್ಚಿದ್ದರು.

ನಾನು ಕೈ ತೊಳೆದು ತೊಟ್ಟಿಲ ಹತ್ತಿರ ಹೋದೆ. ಗಿರಿಜಾ ತೂಗುತ್ತಿದ್ದಳು. ಸೀರೆಯ ಮೇಲೆ ಅಂಗೈಯಗಲ ಎಣ್ಣೆಯ ಕಲೆ. ತಪ್ಪಾಯಿತು ಎಂದೆ. ಮದುವೆಯಾದ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳಿಗೆ ನಗು ತಡೆಯಲಾಗಲಿಲ್ಲ.

“ಏನು ಹೆಸರಿಟ್ಟಿ?”

“ಬಸವರಾಜ.”

“ಒಂದ ಹೆಸರು ಹೇಳಲಿಕ್ಕೆ ಭಾಳ ಹೊತ್ತು ಕಿವ್ಯಾಗ ಬಾಯಿಟ್ಟಿದ್ದಿಯಂತ. ನಿಮ್ಮವ್ವ ಹೇಳಿದರು.”

“ಹೆಸರಿನ ಕೂಡ ಒಂದ ಬುದ್ಧಿಮಾತೂ ಹೇಳಿದೆ.”

“ಏನಂತ?”

“ಮುಂದ ಏನರ ಆಗಪ್ಪಾ, ನಿಮ್ಮ ಮಾಮಾನ ಗತೆ ಪಾನಾ ಮಾತ್ರ ಹಿಡೀಬ್ಯಾಡ ಅಂತ.”

ನಾನು ತೊಟ್ಟಿಲಿಗೆ ಬಗ್ಗಿದೆ. ಹದಿಮೂರು ದಿನದ ಬಸವರಾಜ ನನ್ನ ಮುಖ ನೋಡಿ ಬೊಚ್ಚುಬಾಯಿ ತೆರೆದು ನಕ್ಕ. ಇಷ್ಟು ಸಣ್ಣ ಕೂಸಿಗೆ ಏನೂ ತಿಳಿಯುವುದಿಲ್ಲ, ಸುಮ್ಮನೆ ನಗುತ್ತದೆ ಎಂದು ಅತ್ತೆ ಹೇಳಿದರು.

ನನಗೆ ಹಾಗನ್ನಿಸಲಿಲ್ಲ.