ಮಂಡಿಯೂರದವನ ಮೊಣಕಾಲಿಗೆ ಹನ್ನೊಂದು ಅಂಕ

ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆ ನನಗೆ ಇನ್ನೂ ಎರಡು ಮೊಣಕಾಲು ಬಾಕಿ ಕೊಡಬೇಕು. ಇಪ್ಪತ್ತೊಂದು ವರ್ಷ ಡ್ರಮ್ಮು ಹೊರಿಸಿ, ಕಬ್ಬಿಣದ ಏಣಿ ಹತ್ತಿಸಿ ಸವೆಸಿದ್ದು ಅವರೇ. (ಸವಕಳಿಯಲ್ಲಿ ಕಾಲು ಪಾಲು ಗೇಟಿನ ಮುಂದೆ ಧರಣಿ ಕೂತದ್ದರಿಂದ ಆದದ್ದು ಅಂತ ನನ್ನ ಹೆಂಡತಿ ಗೌರಾಬಾಯಿ ಹೇಳುತ್ತಾಳೆ. ಆಕೆ ಮೊದಲಿಂದಲೂ ಮಾಲೀಕರ ಪರ.) ಕಾರ್ಖಾನೆ ಕೊಡಲಿಲ್ಲ. ಕೊನೆಗೆ 2014ರಲ್ಲಿ ಪುಣೆಯ ಒಂದು ಧರ್ಮಾಸ್ಪತ್ರೆಯವರು ನನ್ನ ಬಲಗಾಲಿಗೆ ಲೋಹದ ಮೊಣಕಾಲು ಕೂಡಿಸಿದರು.

ಕೂಡಿಸುವ ಮೊದಲು ಒಂದು ಫಾರ್ಮು ಕೊಟ್ಟರು. ಮರಾಠಿಯಲ್ಲಿ ಹನ್ನೆರಡು ಪ್ರಶ್ನೆ: ನೋವು ಎಷ್ಟು, ಎಷ್ಟು ದೂರ ನಡೆಯುತ್ತೀರಿ, ಮೆಟ್ಟಿಲು ಇಳಿಯುತ್ತೀರಾ. ಕಾಲು ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು; ಒಂದೊಂದಕ್ಕೆ ನಾಲ್ಕರ ತನಕ, ಒಟ್ಟು ನಲವತ್ತೆಂಟು. ಆಪರೇಷನ್ನಿಗೆ ಮೊದಲು ಒಂದು ಸಲ, ಆರು ತಿಂಗಳಾದ ಮೇಲೆ ಇನ್ನೊಂದು ಸಲ ತುಂಬಬೇಕು. ಅಂಕ ಏರಿದರೆ ಆಪರೇಷನ್ನು ಗೆದ್ದಿತು ಅಂತ ಲೆಕ್ಕ. ಮೈಸೂರು ಕಡೆಯ ಎಳೆ ಡಾಕ್ಟರು ರೇಣು ಬಿಡಿಸಿ ಹೇಳಿದಳು: "ಎಕ್ಸ್‌ರೇ ನಮ್ದು, ನೋವು ನಿಮ್ದು ಹುಲಿಗೆಪ್ಪ ಅಂಕಲ್. ಅದನ್ನ ನೀವೇ ಹೇಳ್ಬೇಕು. ಸುಳ್ಳು ಮಾತ್ರ ಬೇಡ."

ಸುಳ್ಳು! ಇಪ್ಪತ್ತು ವರ್ಷ ಮನವಿಪತ್ರ ಬರೆದವನಿಗೆ! ಆದರೆ ಕೈಯಲ್ಲಿ ಕಾಗದ ಹಿಡಿದ ಡಾಕ್ಟರ ಮುಂದೆ ಕಾರ್ಮಿಕನಾದವನು ನೋವು ಅನ್ನಬಾರದು, ಇದು ನಮ್ಮ ಗೇಟಿನ ಮೊದಲ ಪಾಠ. ಕಂಪನಿ ಡಾಕ್ಟರಿಗೆ 'ಸ್ವಲ್ಪ ಸೊಂಟ' ಅಂದ ಧರ್ಮಣ್ಣ ಮರುದಿನವೇ ಅನ್‌ಫಿಟ್ ಆಗಿ ಊರಿನ ಬಸ್ಸು ಹತ್ತಿದ್ದ. ಹಾಗಾಗಿ ಇಬ್ಬರು ವಾರ್ಡ್‌ಬಾಯ್‌ಗಳು ಎತ್ತಿ ತಂದು ಕೂರಿಸಿದ ಕುರ್ಚಿಯಲ್ಲೇ ಕೂತು ಬರೆದೆ: ನೋವಿಲ್ಲ. ಎಷ್ಟು ದೂರ ಬೇಕಾದರೂ ನಡೆಯುತ್ತೇನೆ. ಒಂದು ಪ್ರಶ್ನೆಗೆ ಮಾತ್ರ ಕಣ್ಣು ಕೆಂಪಾಯಿತು. "ಗುಡಘೆ ಟೇಕತಾ ಯೇತಾತ ಕಾ?" ಮಂಡಿಯೂರಲು ಬರುತ್ತದೆಯೇ! ಲಾಠಿ ಬಿದ್ದಾಗ ಊರಲಿಲ್ಲ, ಲಾಕೌಟ್ ಆದಾಗ ಊರಲಿಲ್ಲ, ಇವರ ಮುಂದೆ ಊರಬೇಕೆ? 'ಕದಾಪಿ ನಾಹಿ', ಎಂದೆಂದಿಗೂ ಇಲ್ಲ, ಅಂತ ಕಾಗದ ಹರಿಯುವ ಹಾಗೆ ಬರೆದೆ. ನಲವತ್ತನಾಲ್ಕು ಅಂಕ ಬಂತು. ದೊಡ್ಡ ಡಾಕ್ಟರು ಪುಣ್ಯಕ್ಕೆ ಎಕ್ಸ್‌ರೇ ನೋಡಿ ಕೊಯ್ದರು, ನನ್ನ ಸಾಹಿತ್ಯ ನೋಡಿ ಅಲ್ಲ.

ಆರು ತಿಂಗಳಿಗೆ ಕಾಲು ಕುದುರೆಯಾಯಿತು. ಆದರೆ ಬೇಡಿಕೆ ಈಡೇರಿತು ಅಂತ ಆಡಳಿತಕ್ಕೆ ಬರೆದುಕೊಡುವಷ್ಟು ಮೂರ್ಖ ನಾನಲ್ಲ. ಎರಡನೇ ಫಾರ್ಮಿನಲ್ಲಿ ನೋವು, ಕುಂಟು, ಅಶಕ್ತಿ ಎಲ್ಲ ಸಾಲಾಗಿ ನಿಲ್ಲಿಸಿದೆ. ಹನ್ನೊಂದು ಅಂಕ. ಮನೆಯಲ್ಲೂ ಅದೇ ನಿಲುವು.

"ಅಲ್ರೀ, ನಿನ್ನೆ ಪರ್ವತಿ ಗುಡ್ಡ ಹತ್ತಿ ಇಳದ್ರಿ. ಗಿರಣಿ ಮಟ ಹೋಗಿ ಹಿಟ್ಟ ತರಾಕ ಕಾಲಿಗೇನ್ ಧಾಡಿ?" ಅಂದಳು ಗೌರಾಬಾಯಿ.

"ಅದು ಸಾರ್ವಜನಿಕ ಕಾಲು, ಗೌರಾ. ಮನ್ಯಾಗ ಕುಂಟತದ."

"ಕುಂಟತದೋ, ಕುಂಟಸ್ತೀರೋ?"

ಆಸ್ಪತ್ರೆಗೆ ನನ್ನ ಜೊತೆ ಬಂದಾಗೆಲ್ಲ ಗೌರಾಬಾಯಿ ಗೋಡೆ ಹಿಡಿದು ನಡೆಯುವುದನ್ನು ರೇಣು ನೋಡಿದ್ದಳು. ಮುಂದಿನ ತಿಂಗಳ ಉಚಿತ ಮೊಣಕಾಲು ಆಪರೇಷನ್ ಶಿಬಿರಕ್ಕೆ ಆಕೆಯ ಹೆಸರು ಹಚ್ಚಿ, ಆಕೆಗೂ ಒಂದು ಫಾರ್ಮು ಕೊಟ್ಟಳು. ಅಂಕ ಕಡಿಮೆ ಇದ್ದವರಿಗೆ ಮೊದಲ ಸರದಿ. ಗೌರಾಬಾಯಿ ಕೊಂಢವಾದ ತರಕಾರಿ ಮಂಡಯಿಯಲ್ಲಿ ಮರಾಠಿಯಲ್ಲೇ ಜಗಳ ಗೆದ್ದು ಬರುತ್ತಾಳೆ, ಓದಲು ಮಾತ್ರ ಬಾರದು. ಪ್ರತಿನಿಧಿ ಯಾರು? ನಾನೇ.

"ಮೊಣಕಾಲಿನ ಸಲುವಾಗಿ ಮನಿಗೆಲಸ ನಿಂತದೇನು?"

"ನಿಂತ್ರ ಯಾರ್ ಮಾಡ್ತಾರ? ನಿಮ್ಮ ಯೂನಿಯನ್ ಬಂದು ಮಾಡ್ತದೇನ?"

ತೊಂದರೆ ಇಲ್ಲ. ನಾಲ್ಕು ಅಂಕ.

"ಮೆಟ್ಲ ಇಳೀತಿ?"

"ನಳದ ನೀರು ತಾನ ಮ್ಯಾಲ ಹತ್ತಿ ಬರ್ತದೇನ್ರಿ? ಇಳೀಲೇಬೇಕಲ್ಲ."

ಸುಲಭವಾಗಿ. ನಾಲ್ಕು ಅಂಕ.

"ಮಲಗಿದಾಗ ನೋವು?"

"ಹೇಳಿದ್ರ ಕೇಳಾವ್ರ್ಯಾರು? ನೀವು ಗೊರಕಿ ಹೊಡೀತಿರ್ತೀರಿ."

ದೂರಿಲ್ಲ. ನಾಲ್ಕು. ಒಟ್ಟು ನಲವತ್ತಾರು! ನನಗಿಂತ ಗಟ್ಟಿ ಹೆಂಗಸು ಅಂತ ಹೆಮ್ಮೆಯೂ ಆಯಿತು.

ವಾರದಲ್ಲೇ ರೇಣು ಇಬ್ಬರನ್ನೂ ಕರೆಸಿದಳು. "ಅಂಕಲ್, ಪೇಪರ್ ಪ್ರಕಾರ ನಿಮ್ಮ ಮೊಣಕಾಲು ಚೆನ್ನಾಗಿತ್ತು, ನಾವು ಹಾಳು ಮಾಡಿದ್ವಿ. ಆಂಟೀದು ಎಷ್ಟು ಚೆನ್ನಾಗಿದೆ ಅಂದ್ರೆ, ಅವರ ಹೆಸರನ್ನ ಲಿಸ್ಟಿಂದ ತೆಗೆದುಬಿಟ್ಟಿದಾರೆ."

"ತಗದಾರ?" ಅಂದಳು ಗೌರಾಬಾಯಿ. ಬೈಯಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

ರೇಣು ಕುರ್ಚಿ ಎಳೆದುಕೊಂಡು ಆಕೆಯ ಎದುರು ಕೂತಳು. "ಆಂಟಿ, ಕೆಲಸ ಆಗುತ್ತೆ ಅಂತ ಗೊತ್ತು. ಮಾಡೋವಾಗ ನಿಮಗೆ ಏನಾಗುತ್ತೆ?"

ಗೌರಾಬಾಯಿ ನನ್ನ ಕಡೆ ನೋಡಲಿಲ್ಲ. "ಮೆಟ್ಲ ಕುಂತು ಇಳೀತೀನವ್ವ, ಒಂದೊಂದ, ಸಣ್ಣ ಕೂಸಿನ ಗತೆ. ಹತ್ತೂವಾಗ ತುಂಬಿದ್ ಕೊಡಾ ಒಂದ್ ಮೆಟ್ಲ ಮ್ಯಾಲಿಡ್ತೀನಿ, ಹಿಂದ ಕೈಯೂರಿ ನಾ ಹತ್ತತೀನಿ. ಯಾರೂ ಇಲ್ಲದ್ದು ನೋಡಿ."

ಅದೇ ಮೆಟ್ಟಿಲನ್ನು ನಾನು ದಿನಕ್ಕೆ ನಾಲ್ಕು ಸಲ ಬೀಡಿಗೆ ಅಂತ ಇಳಿದು ಹತ್ತುತ್ತೇನೆ. ಒಂದು ಸಲವೂ ನೋಡಿರಲಿಲ್ಲ. ಹೊಸ ಲೆಕ್ಕದಲ್ಲಿ ಆಕೆಗೆ ಬಂದದ್ದು ಎಂಟು ಅಂಕ.

ಅನ್ಯಾಯ ಕಂಡರೆ ಸುಮ್ಮನಿರುವ ರಕ್ತವಲ್ಲ ನನ್ನದು. ಮೇಜು ಗುದ್ದಿದೆ. "ಈಕಿ ಹೆಸರು ಲಿಸ್ಟಿಗೆ ವಾಪಸ್ ಸೇರಬೇಕು! ಇಲ್ಲಾಂದ್ರ ಇಲ್ಲೇ ಧರಣಿ!"

"ಯಾರ ವಿರುದ್ಧ ಅಂಕಲ್?" ರೇಣು ಫಾರ್ಮನ್ನು ನನ್ನ ಕಡೆ ತಿರುಗಿಸಿದಳು. "ಕೈಬರಹ ನಿಮ್ದೇ."

ಆಕೆಯ ಹೆಸರು ಸೇರಿತು. ಆಮೇಲೆ ನನ್ನ ಫಾರ್ಮಿನ ಮರುವಿಚಾರಣೆ, ಹೆಂಡತಿಯ ಸಮಕ್ಷಮ. ಮಂಡಿಯೂರುವ ಪ್ರಶ್ನೆ ಬಂತು. "ಕದಾಪಿ..." ಅಂತ ಬಾಯಿ ತೆರೆದೆ.

"ದಿನಾ ಊರ್ತಾರವ್ವ," ಅಂದಳು ಗೌರಾಬಾಯಿ. "ಬೀಡಿ ಮಂಚದ ಕೆಳಗ ಉರುಳಿದ್ರ, ಮಂಡಿಯೂರಿ, ಗದ್ದ ನೆಲಕ್ಕ ಹಚ್ಚಿ ಹುಡುಕ್ತಾರ."

ಪೂರ್ತಿ ನಾಲ್ಕು ಅಂಕ. ನಲವತ್ತೈದಕ್ಕೆ ನಿಂತಿತು. ರೇಣು ಇನ್ನೊಂದು ಕಾಗದ ಸರಿಸಿದಳು, ನಾಚಿಕೆಯಲ್ಲಿ ಸಹಿ ಹಾಕಿದೆ. ಬಾಳಿನಲ್ಲಿ ಓದದೆ ಸಹಿ ಮಾಡಿದ ಮೊದಲ ಒಪ್ಪಂದ. ಅದರಲ್ಲಿ ಇದ್ದದ್ದು ಹೀಗೆ: ಗೌರಾಬಾಯಿಯ ಆಪರೇಷನ್ ನಂತರ ಮೂರು ತಿಂಗಳು ನೀರು, ಹಿಟ್ಟು, ಅಡಿಗೆ, ನೆಲ ಒರೆಸುವುದು: ಗಂಡ. ಅವರ ಮೊಣಕಾಲು ಉತ್ತಮ. ಆಧಾರ: ಅವರದೇ ಹೇಳಿಕೆ.

ಈಗ ಗೌರಾಬಾಯಿ ಹೊಸ ಕಾಲು ಚಾಚಿ ಮಂಚದ ಮೇಲೆ ಕೂತಿದ್ದಾಳೆ. "ಆ ಮೂಲಿ ಉಳೀತು ನೋಡ್ರಿ ಕಾಮ್ರೇಡ್," ಅನ್ನುತ್ತಾಳೆ. ನಾನು ಅರಿವೆ ಹಿಡಿದು ಮಂಡಿಯೂರುತ್ತೇನೆ.

ನಕ್ಕಿರಾ? ನಗಿ, ತಪ್ಪಿಲ್ಲ. ನಕ್ಕಾದ ಮೇಲೆ ಈ ಪುಸ್ತಕ ಕೆಳಗಿಡಿ. ನಿಮ್ಮ ಮನೆಯಾಕೆ ಮೆಟ್ಟಿಲು ಹೇಗೆ ಇಳಿಯುತ್ತಾಳೆ, ಮರೆಯಲ್ಲಿ ನಿಂತು ನೋಡಿ ಬನ್ನಿ. ಆಮೇಲೆ ಆಕೆಯನ್ನು ಕೂರಿಸಿ ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ನಾಳೆಗೆ ಬೇಡ. ಈಗ ಏಳಿ.