ಬಡತನ ಅಳೆಯಲು ಹೊರಟ ಕಾಕಾ

ಜಗತ್ತಿನ ಬಡವರಿಗೆ ಒಂದು ಸಂಗತಿ ಗೊತ್ತಿಲ್ಲ. ಅವರೆಲ್ಲರ ಅಳತೆ ಇನ್ನೇನು ಹಾವೇರಿಯ ನಮ್ಮ ಓಣಿಯಿಂದಲೇ ಆಗುವುದರಲ್ಲಿತ್ತು! ಯಾವ ಖಂಡದ ಯಾವ ಗುಡಿಸಲಿನವನು ಎಷ್ಟು ಬಡವ, ಯಾವ ಗುಡ್ಡದ ಮೇಲಿನವನು ಎಷ್ಟು ನಿರ್ಗತಿಕ ಎಂದು ನಮ್ಮ ಕಾಕಾ ತೀರ್ಪು ಕೊಡಬೇಕಾಗಿತ್ತು. ಸ್ವಲ್ಪದರಲ್ಲಿ ತಪ್ಪಿತು. ತಪ್ಪಿದ್ದಕ್ಕೆ ಜಗತ್ತು ನಿಟ್ಟುಸಿರು ಬಿಟ್ಟಿತೋ ಇಲ್ಲವೋ ನಾನರಿಯೆ. ನಾನು ಬಿಟ್ಟೆ. ನಮ್ಮ ಚಿಗವ್ವನಂತೂ ಗುಡಿಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿ ಬಂದಳು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಚಿಗವ್ವ ಅವನ ಹೆಂಡತಿ. ಕಾಕಾ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನು. ನಿವೃತ್ತನಾದದ್ದು ಕಾಲೇಜಿನಿಂದ, ಅರ್ಥಶಾಸ್ತ್ರ ಅವನನ್ನು ಬಿಡಲಿಲ್ಲ, ಅವನು ನಮ್ಮನ್ನು ಬಿಡಲಿಲ್ಲ. ಮದುವೆ ಊಟಕ್ಕೆ ಕುಳಿತರೆ ಎಲ್ಲರೂ ಎಲೆ ನೋಡಿದರೆ, ಇವನು ತುಪ್ಪ ಬಡಿಸುವವನ ಮಣಿಕಟ್ಟು ನೋಡುತ್ತಾನೆ. "ನೋಡಲೇ ತಮ್ಮಾ, ಚಮಚ ಬಗ್ಗಾಕ ಹೆದರಾಕತ್ತೈತಿ. ಈ ಬೀಗರು ದಿವಾಳಿ!" ಎಂದು ನನ್ನ ಕಿವಿಯಲ್ಲಿ ಹೇಳುತ್ತಾನೆ. ಕಿವಿಯಲ್ಲಿ ಹೇಳಿದ್ದು ಮೂರನೆಯ ಪಂಕ್ತಿಯವರೆಗೆ ಕೇಳಿಸುತ್ತದೆ. ಮೇಷ್ಟರ ಗಂಟಲಲ್ಲವೇ!

ಹೀಗಾಗಿ ನಮ್ಮ ಬಳಗದಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಲು ಕಾಕಾನನ್ನೇ ಕರೆದೊಯ್ಯುವುದು ರೂಢಿಯಾಯಿತು. ಒಮ್ಮೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಮನೆಗೆ ಹೋಗಿದ್ದೆವು. ಎರಡು ಮಹಡಿ, ಮೈ ಹೂತುಹೋಗುವಂಥ ಸೋಫಾ. ಕಾಕಾ ಸೋಫಾ ಬಿಟ್ಟು ಅಡುಗೆಮನೆಯ ಗೋಡೆಗೆ ಆತುಕೊಂಡು ಕಣ್ಣುಮುಚ್ಚಿ ಕುಳಿತ. ಬೀಗರು ಧ್ಯಾನವೆಂದು ತಿಳಿದು ಟಿವಿ ಆರಿಸಿದರು. ಹೊರಗೆ ಬಂದವನೇ ಕಾಕಾ ಹೇಳಿದ: "ಈ ಮನಿ ಬ್ಯಾಡ."

"ಯಾಕ ಕಾಕಾ, ಇಷ್ಟ ದೊಡ್ಡ ಮನಿ!"

"ಒಳಗ ರೊಟ್ಟಿ ಬಡಿಯೂದು ಕೇಳಿದ್ಯೇನು? ಎರಡು ಬಡದು ನಿಲ್ಲಸ್ತಾಳ, ಎರಡು ಬಡದು ನಿಲ್ಲಸ್ತಾಳ. ಹಿಂದ ಅತ್ತಿ ನಿಂತು ರೊಟ್ಟಿ ಎಣಸಾಕತ್ತಾಳ. ರೊಟ್ಟಿ ಎಣಸೂ ಮನಿಗಿಂತಾ ಬಡಮನಿ ಇಲ್ಲ."

ಅದೇ ಊರಿನಲ್ಲಿ ರೊಟ್ಟಿಯ ಸಪ್ಪಳ ಹೊಳೆಯಂತೆ ಹರಿಯುವ ಒಂದು ಸಣ್ಣ ಮನೆಗೆ ಹುಡುಗಿಯನ್ನು ಕೊಟ್ಟೆವು. ಈಗ ಅವಳು ತವರಿಗೆ ಬಂದರೆ ನಮ್ಮ ರೊಟ್ಟಿ ತೆಳುವಾಯಿತೆಂದು ಹೆಸರಿಡುತ್ತಾಳೆ!

ಇಂಥ ಕಾಕಾನಿಗೆ ಒಂದೇ ಒಂದು ಗಾದೆ ಕಂಡರೆ ಆಗದು: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಪರೀಕ್ಷೆಯಲ್ಲಿ ಬಡತನದ ಮೇಲೆ ಬರೆಯುವಾಗ ಪಾಪ ಒಬ್ಬ ವಿದ್ಯಾರ್ಥಿ ಇದನ್ನೇ ಮೊದಲ ಸಾಲಾಗಿ ಬರೆದ. ಉಳಿದದ್ದೆಲ್ಲ ಸರಿಯಾಗಿತ್ತಂತೆ, ಕಾಕಾ ಸೊನ್ನೆ ಕೊಟ್ಟ. ಯಾಕೆಂದು ಯಾರು ಕೇಳಿದರೂ ಹೇಳಲಿಲ್ಲ. ತಲೆಕೆಟ್ಟ ಮೇಷ್ಟರೆಂದು ಊರೇ ತೀರ್ಮಾನಿಸಿತು. ಅದು ಮೊದಲೇ ತೀರ್ಮಾನವಾಗಿತ್ತೆನ್ನಿ.

ಹೀಗಿರಲು ಕಾಕಾನ ಮೊಬೈಲಿಗೆ ಒಂದು ಜಾಹೀರಾತು ಬಂತು. ಪರದೇಶದ ದೊಡ್ಡ ಸಂಸ್ಥೆಯೊಂದಕ್ಕೆ ದೇಶದೇಶಗಳ ಬಡತನವನ್ನು ಒಂದೇ ಅಳತೆಯಲ್ಲಿ ಅಳೆಯುವುದಕ್ಕೆ ಮಾರ್ಗಸೂಚಿ ಬೇಕಂತೆ. ಅದನ್ನು ರೂಪಿಸುವ ತಜ್ಞ ಬೇಕಂತೆ. ಒಂದೂವರೆ ವರ್ಷ ಅಲ್ಲೇ ಇರಬೇಕು, ಆಗಾಗ ಬೇರೆ ದೇಶಗಳನ್ನು ಸುತ್ತಬೇಕು. ವಯಸ್ಸಿನ ಮಿತಿ ಇಲ್ಲ. ಈ ಕೊನೆಯ ಮಾತೇ ನಮ್ಮ ಮನೆಗೆ ಮುಳುವಾಯಿತು. ಕಾಕಾ ಅರ್ಜಿ ಹಾಕಿದ. ಅರ್ಜಿ ಹಾಕಿದ್ದನ್ನು ಬ್ಯಾಡಗಿಯ ಗೆಳೆಯರಿಗೆ ಹೇಳಿದ. ಅವರು ಒಂದು ಸಮಾರಂಭ ಮಾಡಿ ಶಾಲು ಹೊದಿಸಿಯೇ ಬಿಟ್ಟರು. ಕಾಕಾ ಆ ಶಾಲನ್ನು ಮಡಿಚಿ, ಪರದೇಶದ ಚಳಿಗೆ ಬೇಕಾದೀತೆಂದು ಸೂಟ್‌ಕೇಸಿನಲ್ಲಿಟ್ಟ.

ಚಿಗವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ತಮ್ಮಾ, ಹೋದ ವರ್ಷ ಹುಬ್ಬಳ್ಳ್ಯಾಗ ಎದಿಯೊಳಗ ಸ್ಪ್ರಿಂಗ್ ಹಾಕಿಸಿಕೊಂಡ ಬಂದ ಮನಶ್ಯಾ. ಗುಳಿಗಿ ನಾ ಅಂಗೈಯಾಗ ಇಟ್ರ ನುಂಗ್ತಾರ, ಇಲ್ಲಂದ್ರ ಇಲ್ಲ. ಪರದೇಶದಾಗ ಯಾರೋ ಇಡ್ತಾರ ಗುಳಿಗಿ? ಅವರಿಗೆ ಈ ಕೆಲಸ ಸಿಗಬಾರದು ನೋಡು."

"ಸಿಗೂದಿಲ್ಲ ಬಿಡ ಚಿಗವ್ವಾ."

"ಹಾಂ... ಆದ್ರ ಸಿಗಲಿಲ್ಲಂತ ನಾಕ ಮಂದ್ಯಾಗ ಅವರ ಮಾರಿ ಸಣ್ಣದಾಗಬಾರದು. ಎರಡೂ ಆಗೂಹಂಗ ನೋಡು. ನೀ ಕಲ್ತಾಂವ."

ಕಲಿತವನ ಮೇಲೆ ಜನಕ್ಕೆ ಎಂಥ ಭರವಸೆ! ಸಿಗಲೂಬಾರದು, ತಪ್ಪಲೂಬಾರದು. ಇಂಥದಕ್ಕೂ ಒಂದು ಮಾರ್ಗಸೂಚಿ ರೂಪಿಸುವ ತಜ್ಞನಿದ್ದರೆ ನಾನೇ ನೇಮಿಸಿಕೊಳ್ಳುತ್ತಿದ್ದೆ.

ಸಂದರ್ಶನ ನನ್ನ ಲ್ಯಾಪ್‌ಟಾಪಿನಲ್ಲಿ ನಡೆಯಿತು. ಕಾಕಾನ ಮೈಮೇಲೆ ಕೋಟು, ಟೈ. ಮೇಜಿನ ಕೆಳಗೆ ಧೋತರ. ಪರದೆಯ ಮೇಲೆ ಮೂವರು ಪರದೇಶದವರು. ಬಡತನ ಎಂದರೇನೆಂದು ಅವರು ಕೇಳಿದರು. ಈ ಹೊತ್ತಿಗೆ ಸರಿಯಾಗಿ ಚಿಗವ್ವ ಅಡುಗೆಮನೆಯಲ್ಲಿ ತನ್ನ ಮಾರ್ಗಸೂಚಿಯನ್ನು ಜಾರಿಗೆ ತಂದಳು: ಬಾಣಲೆಯಲ್ಲಿ ಒಣಮೆಣಸಿನಕಾಯಿ ಹುರಿಯತೊಡಗಿದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇ? ಗುಂಟೂರಿನದನ್ನೂ ಒಂದು ಹಿಡಿ ಬೆರೆಸಿದ್ದಳು! ಘಾಟು ಕೋಣೆಗೆ ನುಗ್ಗಿತು. ಕಾಕಾನ ಗಂಟಲು ಕಟ್ಟಿತು, ಕಣ್ಣಿಂದ ಧಾರಾಕಾರ ನೀರು. "ಬಡತನ ಅಂದರೆ... ಬಡತನ ಅಂದರೆ..." ಎಂದು ಇಂಗ್ಲಿಷಿನಲ್ಲಿ ಎರಡು ಸಲ ಅಂದು, ಮುಂದೆ ಮಾತು ಹೊರಡದೆ ಕೈಮುಗಿದು ಕುಳಿತುಬಿಟ್ಟ.

ಪರದೆಯ ಆಚೆ ನಡುವೆ ಕುಳಿತಿದ್ದ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮರುದಿನವೇ ಪತ್ರ ಬಂತು: ಬಡವರ ಬಗ್ಗೆ ಇಂಥ ಆಳವಾದ ಮರುಕವನ್ನು ನಾವು ಯಾವ ತಜ್ಞರಲ್ಲೂ ಕಂಡಿಲ್ಲ!

ಚಿಗವ್ವ ಆ ವಾರವೆಲ್ಲ ಸಪ್ಪನೆಯ ಸಾರು ಮಾಡಿದಳು.

ಉಳಿದದ್ದು ಒಂದೇ ಮೆಟ್ಟಿಲು. ಸಂಸ್ಥೆಯವರು ಒಂದಿಷ್ಟು ಪ್ರಶ್ನೆ ಕಳಿಸಿದ್ದರು. ಅವನ್ನು ನಮ್ಮ ಭಾಗದ ಮನೆಗಳಲ್ಲಿ ಕೇಳಿ ನೋಡಿ, ಎಲ್ಲ ದೇಶಗಳಿಗೂ ಒಗ್ಗುತ್ತವೆಯೇ ಎಂದು ಬರೆದರೆ ನೇಮಕ ಆದಂತೆಯೇ. ಕಾಕಾ ನನ್ನನ್ನು ಸಹಾಯಕ ತಜ್ಞನಾಗಿ ನೇಮಿಸಿಕೊಂಡ. ಸಂಬಳ, ಬಸ್ ಸ್ಟ್ಯಾಂಡಿನ ಚಹಾ.

ಮೊದಲು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಕಾಕಾನ ಹಳೆಯ ಶಿಷ್ಯ. ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಮೊದಲೇ ಕಾರುಗಳು ನಿಂತಿವೆ.

"ಹ್ಯಾಂಗ ನಡದೈತಪಾ?" ಎಂದ ಕಾಕಾ.

"ಮುಗದ ಹೋಗೇವ್ರಿ ಸರ! ಧಾರಣಿ ಬಿದ್ದೈತ್ರಿ, ಮಾರಾಂಗಿಲ್ಲ, ಇಡಾಂಗಿಲ್ಲ. ಎಲ್ಲಾ ನುಚ್ಚುನೂರು."

"ಹೋದ ತಿಂಗಳದಾಗ ಯಾವತ್ತರೆ ಉಪಾಸ ಮಲಗೀಯೇನು?"

"ದಿನಾ ಮಲಗ್ತೇನ್ರಿ! ಶುಗರ್ ಐತೆಂತ ಡಾಕ್ಟರು ರಾತ್ರಿ ಊಟಾನ ಬಿಡಸ್ಯಾರ."

"ದಿನಾ ಬಿಟ್ಟು ದಿನಾ ಮೀನೋ ಮಾಂಸನೋ ತಿನ್ನಾಕ ಶಕ್ತಿ ಐತೋ ಇಲ್ಲೋ?"

"ಶಿವಶಿವಾ! ಏನ ಕೇಳಾಕತ್ತೀರಿ ಸರ? ನಮ್ಮ ಅಜ್ಜನ ಕಾಲದಿಂದ ಮುಟ್ಟಿಲ್ರಿ!"

ತಲೆಮಾರುಗಳಿಂದ ಮಾಂಸ ಕಂಡಿಲ್ಲ, ದಿನವೂ ಹಸಿದು ಮಲಗುತ್ತಾನೆ. ಮಾರ್ಗಸೂಚಿಯ ಪ್ರಕಾರ ಜಗತ್ತಿನ ಕಡುಬಡವ ಬ್ಯಾಡಗಿಯಲ್ಲಿ ಪತ್ತೆಯಾಗಿದ್ದ! ಆ ಕಡುಬಡವ ನಮ್ಮನ್ನು ತನ್ನ ಎ.ಸಿ. ಕಾರಿನಲ್ಲೇ ಹಾವೇರಿಗೆ ಮುಟ್ಟಿಸಿದ.

ಮರುದಿನ ಬಸ್ಸಿನಲ್ಲಿ ಗುತ್ತಲಕ್ಕೆ. ಮನೆಗೆ ಮನೆ ಅಂಟಿಕೊಂಡ ಓಣಿ, ಉರಿ ಮಧ್ಯಾಹ್ನ. ಕೊನೆಯ ಮನೆಯೊಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಎಲ್ಲೂ ನಿಲ್ಲದೆ, ಓಣಿಗೆಲ್ಲ ಕೇಳುವಂತೆ. "ಬಾ ಕಾಕಾ, ನಿನ್ನ ಲೆಕ್ಕದಾಗ ಇದು ಶ್ರೀಮಂತರ ಮನಿ" ಎಂದೆ. ಕಾಕಾ ಬಾಗಿಲಲ್ಲಿ ತಲೆ ಓರೆ ಮಾಡಿ ನಿಂತ. ನಾನು ಕೂಗಿದ್ದಕ್ಕೆ ಸಪ್ಪಳ ನಿಂತು, ನಡುವಯಸ್ಸಿನ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಬರ್ರಿ ಅಣ್ಣಾರ, ಕುಂದರ್ರಿ. ನಮ್ದ ಈಗ ಊಟಾ ಆತ್ರಿ" ಎಂದಳು, ನಾವು ಕೇಳುವ ಮೊದಲೇ.

ನಾನು ಪ್ರಶ್ನೆಯ ಹಾಳೆ ಚಾಚಿದೆ. ಕಾಕಾ ಅದನ್ನು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಕಿಸೆಯಲ್ಲಿಟ್ಟುಕೊಂಡ. ಆಮೇಲೆ ಮಾತಾಡಿದ. ಅವನ ಎದೆಗೂಡಿನಿಂದ ಇಷ್ಟು ದೀನವಾದ ದನಿ ಬರಬಹುದೆಂದು ನನಗೆ ಗೊತ್ತೇ ಇರಲಿಲ್ಲ:

"ತಂಗೀ, ನಾ ಒಂದು ಕಷ್ಟ ಹೇಳಿಕೊಳ್ಳಾಕ ಬಂದೇನವಾ. ನನ್ನ ಹೇಣ್ತಿ ಕೈ ಬಿದ್ದು ಹೋಗೇತಿ. ರೊಟ್ಟಿ ಕಂಡು ತಿಂಗಳಾತು. ಬಾಯಿ ಕೆಟ್ಟು ಹೋಗೇತಿ. ನೀ ಬಡಿಯೂದು ಕೇಳಿ ಹೊಂಟಾಂವ ನಿಂತೆ. ಜೋಳ ನಾ ಕಳಸ್ತೀನಿ. ನಮಗ ಬೇಕಾದಷ್ಟು ಬಡದು ಬಸ್ಸಿಗೆ ಬುತ್ತಿ ಇಟ್ಟು ಕಳಸು. ಉಳಿದ ಜೋಳ ನೀನ ಇಟ್ಕೋ. ಕೂಲಿ ಬ್ಯಾರೆ. ಒಲ್ಲೆ ಅನಬ್ಯಾಡವಾ."

"ಅಯ್ಯ ಪಾಪ! ತಿಂಗಳಾತ್ರ್ಯಾ?" ಎಂದಳು ಆಕೆ. ಅವಳ ಕಣ್ಣಲ್ಲಿ ನೀರೇ ಬಂತು. "ಕಳಸ್ತೀನಿ ಬಿಡ್ರಿ ಅಣ್ಣಾರ. ರೊಟ್ಟಿ ಇಲ್ಲದ ಮನಶ್ಯಾ ಹ್ಯಾಂಗ ಇರಬೇಕು?"

ಆ ಗಳಿಗೆಯಲ್ಲಿ ಯಾರಾದರೂ ಬಂದು ಅಳೆದಿದ್ದರೆ, ಆ ಮನೆಯಲ್ಲಿ ಬಡವನೆಂದರೆ ಕಾಕಾ ಒಬ್ಬನೇ.

ಬಸ್ಸಿನಲ್ಲಿ ಕೇಳಿದೆ: "ಹಿಂಗ್ಯಾಕ ಸುಳ್ಳ ಹೇಳಿದಿ ಕಾಕಾ? ಅಕಿ ಚಂದಾಗಿ ರೊಟ್ಟಿ ಬಡಿಯಾಕತ್ತಿದ್ಲಲ್ಲ?"

"ಹಿಟ್ಟಿನ ಸಪ್ಪಳ ಮೆತ್ತಗಿರತೈತೋ. ಬಡದಂಗ ಬಡದಂಗ ಅಗಲ ಆಗತೈತಿ. ಅದು ರೊಟ್ಟಿ ಬಡಿಯೂ ಬರೀ ಕಲ್ಲಿನ ಸಪ್ಪಳ. ಕೈಗೆ ಒಂದು ಚೂರು ಹಿಟ್ಟು ಹತ್ತಿರಲಿಲ್ಲ, ನೋಡಲಿಲ್ಲೇನು?"

"ಬರೀ ಕಲ್ಲು ಯಾಕ ಬಡೀತಾರ?"

"ಬಾಜೂ ಮನಿಗೆ ಕೇಳಲೆಂತ." ಕಾಕಾ ಕಿಟಕಿಯ ಕಡೆ ತಿರುಗಿದ. "ನಮ್ಮವ್ವ ಬಡೀತಿದ್ಲು. ನಾನೂ ನಿಮ್ಮಪ್ಪನೂ ಬಾಜೂಕ ಕುಂತು ಕೇಳ್ತಿದ್ವಿ. ಬಡದು ಮುಗಿಸಿ, 'ಊಟಾ ಆತಂತ ಹೇಳ್ರಿ' ಅಂತ ಓಣ್ಯಾಗ ಆಡಾಕ ಕಳಸ್ತಿದ್ಲು."

ನಮ್ಮಪ್ಪ ನನಗೆ ಇದನ್ನು ಎಂದೂ ಹೇಳಿರಲಿಲ್ಲ. ಆ ಗಾದೆಗೆ ಕೊಟ್ಟ ಸೊನ್ನೆಯ ಕಾರಣವೂ ನನಗೆ ಬಸ್ಸಿನಲ್ಲೇ ತಿಳಿಯಿತು.

"ಅವ್ವ ಮುಚ್ಚಿಟ್ಟಿದ್ದನ್ನ ನಾ ದೇಶದೇಶಕ್ಕ ಹೋಗಿ ಬಿಚ್ಚಿಕೋಂತ ಅಡ್ಡಾಡ್ಲೇನು?" ಎಂದ ಕಾಕಾ. "ಅಳಿಬೇಕು, ಖರೇ. ಅಳೀದಿದ್ರ ಜಗತ್ತಿಗೆ ಹ್ಯಾಂಗ ಗೊತ್ತಾಗಬೇಕು? ಆದ್ರ ಅದು ನನ್ನ ಕೈಲಾಗೂದಲ್ಲ. ಬ್ಯಾರೇದವರು ಅಳೀಲಿ."

ಹೇಳಿದವನೇ ಹಗುರಾಗಿ, ಹಾವೇರಿ ಬರುವತನಕ ನನ್ನ ಹೆಗಲ ಮೇಲೆ ಗೊರಕೆ ಹೊಡೆದ.

ಮನೆಯಲ್ಲಿ, ತನ್ನ ಕೈ ಬಿದ್ದುಹೋದ ಸುದ್ದಿ ಕೇಳಿ ಚಿಗವ್ವ ಸೌಟು ಹಿಡಿದೇ ಎದ್ದಳು. "ನನ್ನ ಕೈಗೆ ಏನ ಧಾಡಿ ಆಗೇತ್ರಿ? ಮಂದ್ಯಾಗ ನನ್ನ ಮಾನ ಕಳದ್ರಿ!" ನಾನು ಒಳಗೆ ಕರೆದು ಗುತ್ತಲದ ಸಂಗತಿ ಹೇಳಿದೆ. ಚಿಗವ್ವ ಸೌಟು ಇಟ್ಟಳು. "ಜೋಳದ ಸಣ್ಣ ಚೀಲ ಕಳಸಬ್ಯಾಡ. ದೊಡ್ಡದು ಕಳಸು" ಎಂದಳು.

ಪರದೇಶದ ಕೆಲಸವನ್ನೇ ಒಲ್ಲೆ ಎಂದವನೆಂದು ಬ್ಯಾಡಗಿಯ ಗೆಳೆಯರು ಕಾಕಾನಿಗೆ ಇನ್ನೊಂದು ಶಾಲು ಹೊದಿಸಿದರು. ಮಾರಿ ಸಣ್ಣದಾಗುವುದಿರಲಿ, ಶಾಲಿನಲ್ಲಿ ಕಾಣದೇ ಹೋಯಿತು! ಚಿಗವ್ವ ಸೂಟ್‌ಕೇಸಿನಲ್ಲಿ ಶಾವಿಗೆ ತುಂಬಿ ಅಟ್ಟಕ್ಕೆ ಹಾಕಿದಳು. ಗುಳಿಗೆ ಅಂಗೈಯಿಂದ ಅಂಗೈಗೆ ಹೋಗುವುದು ಮುಂದುವರಿಯಿತು. ಗುತ್ತಲದ ಬಸ್ಸಿನಲ್ಲಿ ಬಿಳಿ ಅರಿವೆಯ ಬುತ್ತಿ ಬರತೊಡಗಿತು. ಅದನ್ನು ಮಧ್ಯಾಹ್ನ ಉಣ್ಣುವುದು, ರಾತ್ರಿಗೆ ಚಿಗವ್ವನ ಬಿಸಿ ರೊಟ್ಟಿ. ರೊಟ್ಟಿ ಕಾಣದ ಬಡವ ಕಾಕಾ ಎರಡು ಊರಿನ ರೊಟ್ಟಿ ತಿಂದು ಉಬ್ಬಿದ.

ಒಂದು ಸಂಜೆ ನಾನು ಮನೆಯಲ್ಲೇ ಇದ್ದೆ. ಒಳಗೆ ಚಿಗವ್ವ ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ದನಿ: "ಅಣ್ಣಾರ, ಮನ್ಯಾಗದೀರೇನ್ರಿ? ಅಕ್ಕಾರನ್ನ ಮಾತಾಡ್ಸೂಣಂತ ಬಂದೆ."

ಗುತ್ತಲದ ಹೆಂಗಸು! ಕೈಯಲ್ಲಿ ಬುತ್ತಿ, ಜೊತೆಗೆ ಕೈನೋವಿಗೆ ಹಚ್ಚಲು ಎಣ್ಣೆಯ ಸೀಸೆ. ಕಾಕಾ ಅಡುಗೆಮನೆಗೆ ಹಾರಿದ. ಚಿಗವ್ವ ಸಿಕ್ಕ ಅರಿವೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಗೋಡೆಗೊರಗಿ ನರಳತೊಡಗಿದಳು.

"ರೊಟ್ಟಿ ಸಪ್ಪಳ ಕೇಳಾಕತ್ತಿತ್ತಲ್ರಿ?" ಎಂದಳು ಬಂದವಳು.

"ನಾನಽ ಬಡಿಯಾಕತ್ತಿದ್ದೆ ತಂಗಿ!" ಹಿಟ್ಟಿನ ಪರಾತದಲ್ಲಿ ಎರಡೂ ಕೈ ಅದ್ದಿದ್ದ ಕಾಕಾ ಹೇಳಿದ. ಹಂಚಿನ ಮೇಲೆ ಹುಣ್ಣಿಮೆಯ ಚಂದ್ರನಂಥ ರೊಟ್ಟಿ ಉಬ್ಬುತ್ತಿತ್ತು.

ಆಕೆ ರೊಟ್ಟಿ ನೋಡಿದಳು. ಕಾಕಾನ ಕೈ ನೋಡಿದಳು. ಚಿಗವ್ವನ ಅರಿವೆ ಎಡಗೈಗಿತ್ತು. ಬಲಗೈಗೆ ಮೊಣಕೈತನಕ ಹಿಟ್ಟು. ಅದನ್ನೂ ನೋಡಿದಳು. 

"ಹೌದನ್ರಿ?" ಎಂದಳು, ಬಹಳ ಮೆತ್ತಗೆ. "ಕೈ ಭಾಳ ಹದಾ ಐತ್ರಿ ಅಣ್ಣಾರ ನಿಮ್ದು. ಸರೀರಿ, ಉಳಿದದ್ದು ನಾ ಬಡೀತೇನಿ. ಅಕ್ಕಾರ, ನೀವು ಬೇಸಾಕ ಬರ್ರಿ. ಒಂದ ಕೈಲೆ ಬೇಸಾಕ ಬರತೈತಿ."

ಕಾಕಾ ಕೈ ತೊಳೆದುಕೊಂಡು ಬಂದು ಅಡುಗೆಮನೆಯ ಗೋಡೆಗೆ ಆತು ಕುಳಿತ. ಒಳಗೆ ಇಬ್ಬರು ಹೆಂಗಸರ ನಗು, ಅದರ ನಡುವೆ ರೊಟ್ಟಿಯ ಸಪ್ಪಳ. ಕಾಕಾ ಕಣ್ಣುಮುಚ್ಚಿದ. ಈಗ ಯಾವ ಮೆಣಸಿನಕಾಯಿಯ ಘಾಟೂ ಇರಲಿಲ್ಲ. ಆದರೂ ಕಣ್ಣಂಚು ಹಸಿಯಾಗಿತ್ತು.

"ಏನ ಕೇಳಾಕತ್ತಿ ಕಾಕಾ?" ಎಂದೆ.

"ಸುಮ್ಕಿರೋ" ಎಂದ ಕಾಕಾ. "ಹಿಟ್ಟೈತಿ."